ದೂರೂ ನನ್ನದೇ, ಉತ್ತರವೂ ನನ್ನದೇ

ನನಗಾಗಿ ಪರಿಹಾರ ಕೇಳುವುದು ನನಗೆ ಬರುವುದಿಲ್ಲ. ನಂಬುವುದು ಕಷ್ಟ, ಏಕೆಂದರೆ ಚಿತ್ರದುರ್ಗದ ತಾಲ್ಲೂಕು ಕಚೇರಿಯ ಎದುರು ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡು ಪರಿಹಾರದ ಅರ್ಜಿ ಬರೆಯುವುದೇ ನನ್ನ ಕಸುಬು. ಬಿದ್ದ ಗೋಡೆ, ಸತ್ತ ಎಮ್ಮೆ, ರಸ್ತೆಗೆ ಹೋದ ಎರಡು ಗುಂಟೆ, ಯಾವುದಕ್ಕೂ ನನ್ನ ಪೆನ್ನು ಹಿಂಜರಿದದ್ದಿಲ್ಲ. ಆದರೆ ಹೋಟೆಲಿನಲ್ಲಿ ನನಗೇ ತಣ್ಣನೆಯ ಕಾಫಿ ಕೊಟ್ಟರೆ, ತಂದವನು ನೊಂದುಕೊಂಡಾನೆಂದು ಊದಿಕೊಂಡು ಕುಡಿಯುತ್ತೇನೆ.

ಪರಿಹಾರ ಎಂಬ ಶಬ್ದವೇ ವಿಚಿತ್ರ. ಜ್ಯೋತಿಷಿ ಹೇಳಿದರೆ ಅದನ್ನು ನಾವು ಮಾಡಿಸಬೇಕು, ಸರ್ಕಾರ ಹೇಳಿದರೆ ಅದು ನಮಗೆ ಬರಬೇಕು. ಇವೆರಡರಲ್ಲಿ ಮೊದಲನೆಯದು ಮಾತ್ರ ತಪ್ಪದೆ ನಡೆಯುತ್ತದೆ.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ನನ್ನ ಹೆಂಡತಿ ಗಿರಿಜ ಫೋನಿನಲ್ಲೇ ಹುಡುಕಿ, ಹಿರಿಯೂರಿನ ಆಚೆ ತೋಟದ ಮನೆಯೊಂದನ್ನು ಎರಡು ದಿನಕ್ಕೆ ಗೊತ್ತುಮಾಡಿದಳು. ಜಾಹೀರಾತಿನಲ್ಲಿ ಎರಡೇ ಸಾಲು: 'ಕಿಟಕಿಯಿಂದ ನೀರಿನ ನೋಟ. ಎ.ಸಿ. ಇದೆ.' ಮಾರಿಕಣಿವೆ ಜಲಾಶಯದ ಹಿನ್ನೀರೇ ಇರಬೇಕೆಂದು ಅವಳು ಹಿಗ್ಗಿದಳು. ಕಿಟಕಿಯಿಂದ ಮೊಸಳೆ ಬಂದರೇನು ಗತಿ ಎಂದು ನಾನು ಚಿಂತಿಸಿದೆ.

ಹೋಗಿ ಕಿಟಕಿ ತೆರೆದರೆ ಎದುರಿಗೆ ಆನೆಯಂತೆ ನಿಂತಿದ್ದದ್ದು ಕರೀ ಪ್ಲಾಸ್ಟಿಕ್ಕಿನ ನೀರಿನ ಟ್ಯಾಂಕು.

"ನೀರಿನ ನೋಟ ಅಂದಿದ್ರಲ್ರೀ?" ಎಂದಳು ಗಿರಿಜ.

ಮನೆಯ ಮಾಲೀಕ ತಿಪ್ಪೇಸ್ವಾಮಿ ಒಂದಿಷ್ಟೂ ಅಳುಕಲಿಲ್ಲ. "ಐತಲ್ಲ ತಾಯಿ, ತುಂಬ ಐತೆ. ಬೆಳಿಗ್ಗೆನೇ ಮೋಟ್ರು ಹಾಕಿದೀನಿ."

"ಎ.ಸಿ.?"

"ಅದೂ ಐತೆ, ಗ್ವಾಡೆ ಮೇಲೆ ನೋಡ್ರಿ. ಓಡಲ್ಲ, ಅಷ್ಟೆ."

ಎರಡು ದಿನ ನಾವು ಬೆವರಿದೆವು. ಊಟ ಮಾತ್ರ ದೇವರ ಸಾಕ್ಷಿಯಾಗಿ ಚೆನ್ನಾಗಿತ್ತು: ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಬಡಿಸುತ್ತ ತಿಪ್ಪೇಸ್ವಾಮಿ ನನ್ನ ಕಸುಬು ಕೇಳಿದ. ಸುಮ್ಮನಿರಬಹುದಿತ್ತು. ನಾನು ಬರೆದ ಅರ್ಜಿ ವಾಪಸು ಬಂದದ್ದೇ ಇಲ್ಲವೆಂದು ಕೊಚ್ಚಿಕೊಂಡೆ.

ಊರಿಗೆ ಬಂದ ಮೇಲೆ ಗಿರಿಜ ಕಾಗದ ಪೆನ್ನು ತಂದು ಮುಂದಿಟ್ಟಳು. "ಊರೋರಿಗೆಲ್ಲ ಬರೀತೀರ. ಈ ಸಲ ನನಗೋಸ್ಕರ ಬರೀರಿ. ಒಂದಿನದ ಬಾಡಿಗೆನಾದ್ರೂ ವಾಪಸ್ ಬರ್ಬೇಕು. ಬರ್ಲಿಲ್ಲ ಅಂದ್ರೆ ನಿಮ್ಮ ಪೆನ್ನಿಂದ ಮನೇಗೆ ಉಪಯೋಗ ಇಲ್ಲ ಅಂತ ತಿಳ್ಕಂತೀನಿ."

ದುಡ್ಡಿಗಿಂತ ಈ ಕೊನೆಯ ಮಾತು ನನ್ನನ್ನು ಚುಚ್ಚಿತು. 'ಮಾನ್ಯರೇ' ಎಂದು ಶುರುಮಾಡಿ ಎರಡು ಪುಟ ಬರೆದೆ. ಅವಳು ಅದರ ಫೋಟೋ ತೆಗೆದು ಬುಕಿಂಗ್ ಕಂಪನಿಗೆ ಕಳಿಸಿದಳು.

ನಾಲ್ಕನೆಯ ದಿನ ನನ್ನ ಮೇಜಿನ ಮುಂದೆ ಒಬ್ಬ ಬಂದು ಕುಂತ. ತಲೆಯೆತ್ತಿದರೆ ತಿಪ್ಪೇಸ್ವಾಮಿ. ಹೊಡೆಯಲು ಬಂದನೆಂದೇ ತಿಳಿದು ಪೇಪರ್‌ವೇಟನ್ನು ನನ್ನ ಕಡೆಗೆ ಎಳೆದುಕೊಂಡೆ.

"ಸಾರ್, ಏನು ಬರ್ದೀರಿ ಸಾರ್!" ಎಂದು ಫೋನು ತೋರಿಸಿದ. ಕಂಪನಿಯವರು ನನ್ನ ದೂರನ್ನೇ ಅವನಿಗೆ ಕಳಿಸಿ, ಎರಡು ದಿನದಲ್ಲಿ ಉತ್ತರ ಕೇಳಿದ್ದರು. "ಅಕ್ಷರ ಮುತ್ತಿನಂಗವೆ. ಓದಿ ನನಗೇ ನನ್ನ ಮೇಲೆ ಸಿಟ್ಟು ಬಂತು. ಉತ್ತರಾನೂ ನೀವೇ ಬರ್ಕೊಡ್ರಿ."

"ಏನಪ್ಪ, ದೂರು ಕೊಟ್ಟೋನೇ ನಾನು!"

"ಅದಕ್ಕೇ ಬಂದೆ. ನಡೆದಿದ್ದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತೈತೆ? ಬ್ಯಾರೆಯೋರಾದ್ರೆ ಸುಳ್ಳು ಬರೀತಾರೆ."

ಓದುಗರೇ, ಇಲ್ಲಿ ನಾನು ಎದ್ದು ಹೋಗಬೇಕಿತ್ತು. ಆದರೆ ಮೇಜಿನ ಮುಂದೆ ಕುಂತವನನ್ನು ಬರೆಯದೆ ಕಳಿಸುವ ಅಭ್ಯಾಸ ನನ್ನ ಕೈಗಿಲ್ಲ. ಜೊತೆಗೆ, ಚಿಂತೆ ಮಾಡುವವನ ತಲೆ ಒಂದು ನ್ಯಾಯಾಲಯವಿದ್ದಂತೆ. ಎದುರಾಳಿಯ ವಾದವೂ ಅಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಪೆನ್ನು ತಾನಾಗಿ ಓಡಿತು: 'ನೀರಿನ ನೋಟವೆಂದು ತಿಳಿಸಲಾಗಿದೆಯೇ ಹೊರತು, ಸದರಿ ನೀರು ಜಲಾಶಯದಲ್ಲೇ ಇರತಕ್ಕದ್ದೆಂದು ಎಲ್ಲಿಯೂ ತಿಳಿಸಿರುವುದಿಲ್ಲ. ಎ.ಸಿ. ಇದೆಯೆಂದು ಹೇಳಿದ್ದು, ಅದು ಇರುವುದನ್ನು ದೂರುದಾರರೂ ಅಲ್ಲಗಳೆದಿರುವುದಿಲ್ಲ. ಮೇಲಾಗಿ ದೂರುದಾರರು ಎರಡು ಮುದ್ದೆ ಉಂಡು, ಮೂರನೆಯದನ್ನು ತಾವಾಗಿಯೇ ಕೇಳಿ ಹಾಕಿಸಿಕೊಂಡಿರುತ್ತಾರೆ.'

ಆ ಮೂರನೆಯ ಮುದ್ದೆಯ ವಿಷಯ ತಿಪ್ಪೇಸ್ವಾಮಿಗೆ ನೆನಪೇ ಇರಲಿಲ್ಲ. ಒದಗಿಸಿದವನು ನಾನೇ.

ವಾರ ಕಳೆದು ತೀರ್ಪು ಬಂತು. ದೂರು ವಜಾ. ಮಾಲೀಕರ ಉತ್ತರ ಸ್ಪಷ್ಟವೂ ಸಮಂಜಸವೂ ಆಗಿದೆಯಂತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಳಗೊಳಗೇ ಸ್ವಲ್ಪ ಖುಷಿಯಾಯಿತು.

ತೀರ್ಪಿನ ಜೊತೆಗೆ ಉತ್ತರದ ಫೋಟೋವೂ ಇತ್ತು. ಗಿರಿಜ ಮೊದಲ ಸಾಲಿಗೇ ಅಕ್ಷರ ಗುರುತು ಹಿಡಿದಳು. ನಾನು ಬೈಗುಳಕ್ಕೆ ಬೆನ್ನು ಬಾಗಿಸಿ ಕುಂತೆ. ಮೂರನೆಯ ಮುದ್ದೆಗೆ ಬಂದಾಗ ಅವಳು ನಗಲು ಶುರುಮಾಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಹಾಳೆ ತಂದಳು.

"ಇನ್ನೊಂದು ದೂರೈತೆ, ಬರ್ಕಳ್ರಿ. ನನ್ನ ಗಂಡ ಇಪ್ಪತ್ತೈದು ವರ್ಷದಿಂದ ಬ್ಯಾರೆಯೋರ ಕಷ್ಟ ಮಾತ್ರ ಕಾಗದದ ಮೇಲೆ ಇಳಿಸ್ತಾ ಅವ್ರೆ. ನನ್ನ ಕಷ್ಟ ಏನು ಅಂತ ಒಂದಿನಾನೂ ಕೂರಿಸ್ಕಂಡು ಕೇಳಿಲ್ಲ. ಬರೆದ್ರಾ? ಈಗ ಉತ್ತರ ಬರೀರಿ."

ಪೆನ್ನು ಹಿಡಿದು ಕುಂತೆ. 'ಎಲ್ಲಿಯೂ ತಿಳಿಸಿರುವುದಿಲ್ಲ' ಎಂಬುದು ಇಲ್ಲಿ ನಡೆಯುವಂತಿರಲಿಲ್ಲ. 'ದೂರಿನಲ್ಲಿರುವುದೆಲ್ಲ ನಿಜ' ಎಂದಷ್ಟೇ ಬರೆದೆ. ನನ್ನ ಕಸುಬಿನಲ್ಲಿ ಅಷ್ಟು ಚಿಕ್ಕ ಉತ್ತರವನ್ನು ಅದುವರೆಗೆ ಬರೆದಿರಲಿಲ್ಲ.

"ಏನು ಪರಿಹಾರ ಬೇಕು ಅಂತ ಬರೀಲಿ?" ಎಂದೆ.

"ಆ ಜಾಗ ಖಾಲಿ ಬಿಡ್ರಿ. ನಿಧಾನಕ್ಕೆ ಯೋಚ್ನೆ ಮಾಡಿ ನಾನೇ ತುಂಬ್ಕಂತೀನಿ. ನೀವು ಕೆಳಗೆ ಸಹಿ ಹಾಕ್ರಿ."

ಖಾಲಿ ಜಾಗ ಬಿಟ್ಟ ಕಾಗದಕ್ಕೆ ಸಹಿ ಹಾಕಬೇಡಿರಪ್ಪ ಎಂದು ಮೇಜಿಗೆ ಬಂದವರನ್ನೆಲ್ಲ ಎಚ್ಚರಿಸುವವನು ನಾನು. ಅಂದು ತಾರೀಖು ಸಮೇತ ಹಾಕಿಕೊಟ್ಟೆ. ಆ ಕಾಗದ ಅವಳ ಬೀರುವಿನಲ್ಲಿದೆ, ಜಾಗ ಇನ್ನೂ ಖಾಲಿಯಂತೆ. ಮೊಸಳೆಗೂ ಹೆದರುವ ನನಗೆ ಅದರ ಬಗ್ಗೆ ಮಾತ್ರ ಇದುವರೆಗೆ ಒಂದು ಚಿಂತೆಯೂ ಹುಟ್ಟಿಲ್ಲ.