ಕ್ಲಚ್ಚು ಬಿಡದ ಭಾವ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಇಪ್ಪತ್ತಾರು ವರ್ಷಗಳಿಂದ ಮೋಟಾರು ರಿಪೇರಿ ಕಲಿಸುವ ತರಬೇತಿ ಶಾಲೆಯಲ್ಲಿ ಮೇಷ್ಟರು. ಎಂಜಿನ್ನಿನ ವಿಷಯದಲ್ಲಿ ತಮಗೆ ತಿಳಿಯದ್ದು ಏನೂ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಬೇರೆ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಓಣಿಯವರು ಬೆನ್ನ ಹಿಂದೆ ‘ಬೃಹಸ್ಪತಿ’ ಎಂದು ಕರೆಯುತ್ತಿದ್ದರು. ಅದು ಹೇಗೋ ಕಿವಿಗೆ ಬಿದ್ದಾಗ ಭಾವ ಹೊಗಳಿಕೆ ಎಂದೇ ತಿಳಿದು ಒಂದು ವಾರ ಮೀಸೆ ತಿರುವಿದರು.

ಅವರ ಅಂಗಿ ಯಾವತ್ತೂ ಹಾಲಿನಂತೆ ಬೆಳ್ಳಗೆ. ಶಾಲೆಯಲ್ಲಿ ನಟ್ಟು ಬಿಚ್ಚುವುದು ವಿದ್ಯಾರ್ಥಿಗಳ ಪಾಲು. ದೂರದಲ್ಲಿ ನಿಂತು ಕೋಲು ತೋರಿಸುವುದು ಇವರ ಪಾಲು. ನಟ್ಟು ತಿರುಗದಿದ್ದರೆ “ಮೊದ್ಲು ಥಿಯರಿ ಓದ್ಕೊಂಡು ಬಾ” ಎಂದು ಗದರಿ ಸ್ಟಾಫ್ ರೂಮಿಗೆ ನಡೆಯುತ್ತಿದ್ದರು. ನಾನೂ ಎರಡು ವರ್ಷ ಅವರ ಕೈಕೆಳಗೆ ಕಲಿತೆ. ಕಲಿತೆ ಎನ್ನುವುದು ಮಾತಿಗೆ.

ಬಲ್ಬು ಬದಲಿಸಲು ಕುರ್ಚಿ ಹತ್ತಿ ಬಿದ್ದು ಭಾವ ಕೈ ಮುರಿದುಕೊಂಡರು. ನಾಲ್ಕು ತಿಂಗಳು ಅವರ ಬೈಕು ಮೆಟ್ಟಿಲ ಕೆಳಗೆ ಹಳೆಯ ಚಾದರ ಹೊದ್ದು ನಿಂತಿತ್ತು. ಕೈ ಸರಿಹೋದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಓಣಿಯೆಲ್ಲ ನೋಡುತ್ತಿರುವಾಗ, ಸ್ಟಾರ್ಟ್ ಮಾಡಿದರು. ಎಂಜಿನ್ನು ಒಂದೇ ಒದೆತಕ್ಕೆ ಗುಡುಗಿತು. ಭಾವ ಕ್ಲಚ್ ಹಿಡಿದು ಮೊದಲನೇ ಗೇರಿಗೆ ಹಾಕಿದರು. ಕ್ಲಚ್ ಹಿಡಿದಾಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದುಹೋಗಬೇಕು, ಗಾಡಿ ನಿಂತಲ್ಲೇ ನಿಲ್ಲಬೇಕು. ಇದು ಹಗ್ಗ ಕಿತ್ತ ಕರುವಿನಂತೆ ನೆಗೆದು ಎದುರುಮನೆಯ ಹೂಕುಂಡಗಳಿಗೆ ಗುದ್ದಿ ಆರಿಹೋಯಿತು.

“ಕೇಬಲ್ಲು,” ಎಂದರು ಭಾವ, ಮಣ್ಣು ಕೊಡವಿಕೊಳ್ಳುತ್ತ. “ನೂರಕ್ಕೆ ನೂರು ಕೇಬಲ್ಲೇ.”

ಹೊಸ ಕೇಬಲ್ಲು ಬಂತು. ಗಾಡಿ ಮತ್ತೆ ನೆಗೆಯಿತು. ಕೇಬಲ್ಲನ್ನು ಬಿಲ್ಲಿನ ಹೆದೆಯಂತೆ ಬಿಗಿದರು. ಆಗಲೂ ನೆಗೆಯಿತು.

“ಹೊಸ ಕೇಬಲ್ಲು, ಸ್ವಲ್ಪ ಪಳಗ್ಬೇಕು.”

“ಕೇಬಲ್ಲೇನು ಎತ್ತಾ, ಪಳಗೋದಕ್ಕೆ?” ಎಂದಳು ಅಕ್ಕ ಒಳಗಿನಿಂದ.

ಮುಂದಿನ ಭಾನುವಾರ ನಡುಮನೆಯಲ್ಲಿ ಅಕ್ಕನ ಒಳ್ಳೆಯ ಚಾದರದ ಮೇಲೆ ಎಂಜಿನ್ನಿನ ಮಗ್ಗುಲು ಬಿಚ್ಚಿದರು. ಬಿಚ್ಚಿದವನು ನಾನು, ಹೇಳಿದವರು ಅವರು. ಒಳಗೆ ಕ್ಲಚ್ಚಿನ ಪ್ಲೇಟುಗಳು ನೆನೆದ ಕಾಗದದ ಹಾಳೆಗಳಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ರೋಗವೇ ಕೈಗೆ ಸಿಕ್ಕಿತ್ತು. ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿ, “ಸವೆದಿವೆ, ಹೊಸಾವು ಹಾಕು” ಎಂದರು. ಹೊಸ ಪ್ಲೇಟುಗಳನ್ನು ತಾವೇ ಒಣಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಕೊಟ್ಟರು. “ಒಂದು ಹನಿ ಎಣ್ಣೆ ತಾಗ್ಬಾರ್ದು ನೋಡು. ತಾಗಿದ್ರೆ ಜಾರುತ್ತೆ.” ಪ್ಲೇಟುಗಳು ಇದ್ದದ್ದೇ ಎಣ್ಣೆಯೊಳಗೆ ಎಂಬುದು ನನ್ನ ಕಣ್ಣೆದುರಿಗೇ ಇತ್ತು. ಚಾದರಕ್ಕೆ ಆ ಎಣ್ಣೆಯೇ ಇಳಿದಿತ್ತು. ಆದರೂ ಹೂಂ ಎಂದೆ. ಎರಡು ವರ್ಷದಲ್ಲಿ ಅವರಿಂದ ನಾನು ಕಲಿತದ್ದು ಆ ಹೂಂ ಒಂದೇ.

ಮರುದಿನ ಸಂಜೆ ಆದದ್ದನ್ನು ಓಣಿ ಇನ್ನೂ ಮರೆತಿಲ್ಲ. ಭಾವ ಗೇರು ಹಾಕಿದರು, ಗಾಡಿ ಹೊರಟಿತು. ಕ್ಲಚ್ಚನ್ನು ಎರಡೂ ಕೈಯಲ್ಲಿ ಹಿಡಿಯುವಷ್ಟು ಗಟ್ಟಿಯಾಗಿ ಹಿಡಿದಿದ್ದರು, ಗಾಡಿ ಹೋಗುತ್ತಲೇ ಇತ್ತು. “ದಾರಿ ಬಿಡಿ! ದಾರಿ ಬಿಡಿ!” ಎಂದು ಕೂಗುತ್ತ, ನಡೆಯುವವರಿಗಿಂತ ಸ್ವಲ್ಪವೇ ಜೋರಾಗಿ, ಓಣಿಯುದ್ದಕ್ಕೂ ಸಾಗಿದರು. ಬ್ರೇಕು ಎಂಬುದೊಂದಿದೆ ಎಂಬ ಪಾಠ ಬಹುಶಃ ಬೇರೆ ಮೇಷ್ಟರದು. ಕೊನೆಗೆ ಕಟ್ಟುತ್ತಿದ್ದ ಮನೆಯೊಂದರ ಮುಂದಿನ ಮರಳು ಗುಡ್ಡೆ ಅವರನ್ನು ನಿಲ್ಲಿಸಿತು. ಬಿಳಿ ಅಂಗಿಯ ಸಮೇತ ಅದರಲ್ಲಿ ಕುಳಿತರು.

ಆ ಮರಳಿಗೆ ಎದುರಾಗಿ, ಓಣಿಯವರೆಲ್ಲ ಗ್ರೀಸಕ್ಕ ಎಂದು ಕರೆಯುವವಳ ಬೈಕ್ ರಿಪೇರಿ ಅಂಗಡಿ. ತಂದೆಯಿಂದ ರಿಪೇರಿ ಕಲಿತು, ಅವರು ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಸರ್ಟಿಫಿಕೇಟಿಲ್ಲದ ಕೈಗೆ ಗಾಡಿ ಕೊಡುವುದೂ ಒಂದೇ, ಜೀವ ಕೊಡುವುದೂ ಒಂದೇ ಎಂದು ಭಾವ ಅವಳ ಬಗ್ಗೆ ಹತ್ತು ಜನರೆದುರು ಹೇಳಿದ್ದರು. ಅವಳು ಕೈ ಒರೆಸಿಕೊಂಡು ಬಂದು ಮೊದಲು ಭಾವನನ್ನು ಎಬ್ಬಿಸಿದಳು, ಆಮೇಲೆ ಬೈಕನ್ನು.

“ಏಟೇನಾದ್ರೂ ಆಯ್ತಾ ಮೇಷ್ಟ್ರೇ?”

“ನಂಗೇನಾಗುತ್ತೆ? ಪ್ಲೇಟ್ ಮಾಡಿದೋರು ಮೋಸ ಮಾಡಿದಾರೆ.”

ನನ್ನ ಜೊತೆ ಓಡಿ ಬಂದಿದ್ದ ಅಕ್ಕ ಏದುಸಿರು ಬಿಡುತ್ತಲೇ, “ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ,” ಎಂದಳು.

ಗ್ರೀಸಕ್ಕ ನಗಲಿಲ್ಲ. “ಗಾಡಿ ಎಷ್ಟು ದಿನ ನಿಂತಿತ್ತು?” ಎಂದು ಕೇಳಿದಳು.

“ನಾಲ್ಕು ತಿಂಗಳು.”

“ಹೊಸ ಪ್ಲೇಟು ಹಾಕೋ ಮುಂಚೆ ಎಣ್ಣೇಲಿ ನೆನೆಸಿದ್ರಾ?”

“ಎಣ್ಣೇಲಾ? ಕ್ಲಚ್ ಪ್ಲೇಟನ್ನಾ?” ಭಾವನ ಮುಖ ಅರಳಿತು. ಮರಳು ಉದುರಿಸುತ್ತಲೇ ಘರ್ಷಣೆ ಎಂದರೇನು, ಎಣ್ಣೆ ಬಿದ್ದರೆ ಅದು ಹೇಗೆ ಕಡಿಮೆಯಾಗುತ್ತದೆ ಎಂದು ಪೂರ್ತಿ ಪಾಠ ಹೇಳಿದರು. ಅವಳು ಮುಗಿಯುವವರೆಗೆ ಕಾದಳು.

“ನಿಮ್ಮ ಶಾಲೇಲಿ ಪಾಠಕ್ಕೆ ಅಂತ ಕುಯ್ದು ಇಟ್ಟಿರೋ ಎಂಜಿನ್ನು ಯಾವ್ದು ಮೇಷ್ಟ್ರೇ?”

“ಕಾರಿಂದು.”

“ಅದೇ ಮತ್ತೆ. ಕಾರಿನ ಕ್ಲಚ್ಚು ಒಣಗೇ ಇರ್ಬೇಕು. ಇದು ಎಣ್ಣೇಲಿ ಮುಳುಗಿ ಓಡೋದು. ಒಣ ಪ್ಲೇಟು ಹಾಕಿದ್ರೆ ಕಚ್ಕೊಂಡ್ಬಿಡುತ್ತೆ, ಬಿಡೋದೇ ಇಲ್ಲ.”

ಅಲ್ಲೇ ಮುಚ್ಚಳ ಬಿಚ್ಚಿದಳು. ಪ್ಲೇಟುಗಳನ್ನು ಒಂದೊಂದಾಗಿ ಕಿಟಕಿಗಾಜಿನ ತುಂಡಿನ ಮೇಲಿಟ್ಟು, ಡೊಂಕಾಗಿವೆಯೇ ಎಂದು ಬಗ್ಗಿ ನೋಡಿ, ಎಂಜಿನ್ ಆಯಿಲ್ ತುಂಬಿದ ತಟ್ಟೆಗೆ ಬಿಟ್ಟಳು. “ನಾಳೆ ಬನ್ನಿ. ಹಳೇ ಪ್ಲೇಟೂ ಚೆನ್ನಾಗೇ ಇದ್ದಿರ್ಬೇಕು. ನಿಂತೂ ನಿಂತೂ ಅಂಟ್ಕೊಂಡಿದ್ವು, ಅಷ್ಟೆ. ಎಂಜಿನ್ ಬಿಸಿ ಮಾಡಿ ಆರಿಸಿ, ಗೇರಿಗೆ ಹಾಕಿ, ಕ್ಲಚ್ ಹಿಡಿದು ಗಾಡೀನ ನಾಲ್ಕು ಸಲ ಹಿಂದೆ ಮುಂದೆ ಅಲ್ಲಾಡಿಸಿದ್ರೆ ಬಿಟ್ಕೊಳ್ತಿತ್ತು.”

“ಅದು ನಂಗೆ ಗೊತ್ತಿತ್ತು,” ಎಂದರು ಭಾವ.

ಅಕ್ಕ ನಕ್ಕಳು. ಸೆರಗು ಬಾಯಿಗೊತ್ತಿಕೊಂಡರೂ ನಗು ನಿಲ್ಲಲಿಲ್ಲ. ಮರಳ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮದುವೆಯಾದಂದಿನಿಂದ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಭಾವ ಯಾರ ಮುಖವನ್ನೂ ನೋಡದೆ ಮನೆ ಕಡೆ ನಡೆದರು.

ಮರುದಿನ ಗಾಡಿ ತರಲು ಅಕ್ಕ, ನಾನು ಹೋದೆವು. ಗ್ರೀಸಕ್ಕ ಗೇರು ಹಾಕಿ ತೋರಿಸಿದಳು. ಟಕ್ ಎಂದು ಸಣ್ಣ ಸದ್ದು, ಗಾಡಿ ಮಿಸುಕಲಿಲ್ಲ.

ಭಾವ ಬದಲಾದರು ಎಂದು ಹೇಳುವ ಆಸೆ ನನಗೂ ಇದೆ. ನಡೆದದ್ದು ಬೇರೆ. ಮುಂದಿನ ವಾರವೇ ತರಗತಿಯಲ್ಲಿ, “ಬೈಕಿನ ಕ್ಲಚ್ ಪ್ಲೇಟನ್ನ ಎಣ್ಣೇಲಿ ನೆನೆಸಿ ಹಾಕ್ಬೇಕು. ಇದು ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಸ್ವಂತ ಅನುಭವ” ಎಂದು ಬರೆಸಿದರಂತೆ. ಕೇಳಿ ನನಗೆ ಮೈಯೆಲ್ಲ ಉರಿದು, ನೇರ ಹೋಗಿ ಗ್ರೀಸಕ್ಕನಿಗೆ ಹೇಳಿದೆ.

“ಹೇಳ್ಲಿ ಬಿಡಿ,” ಎಂದಳು ಅವಳು, ತಲೆ ಎತ್ತದೆ. “ಇಷ್ಟು ವರ್ಷ ಅಲ್ಲಿ ಕಲಿತೋರು ಹಾಕಿದ ಒಣ ಪ್ಲೇಟುಗಳನ್ನ ಬಿಚ್ಚೀ ಬಿಚ್ಚೀ ನಂಗೆ ಸಾಕಾಗಿತ್ತು.”

ಅವಳದು ದೊಡ್ಡ ಮನಸ್ಸು. ನನ್ನದಲ್ಲ. ಆ ಬಿಳಿ ಅಂಗಿ ಓಣಿಯ ತಿರುವಿನಲ್ಲಿ ಕಂಡರೆ ಈಗಲೂ ಬೇರೆ ದಾರಿ ಹಿಡಿಯುತ್ತೇನೆ.