ಹುರುಳಿ ಕಂಡರೆ ಇಳಿಯುತ್ತಿದ್ದ ಮೇಷ್ಟ್ರು

ರಸ್ತೆಯ ಮೇಲೆ ಹುರುಳಿ ಹರಡಿದ್ದು ಕಂಡರೆ ಮುನಿರಾಜು ಮೇಷ್ಟ್ರು ಸ್ಕೂಟರ್ ಆರಿಸಿ ಇಳಿದುಬಿಡುತ್ತಿದ್ದರು. ಕುಂದಾಣದ ಕಡೆ ಈಗ ಕಣ ಮಾಡುವವರು ಕಡಿಮೆ. ಕಿತ್ತ ಬಳ್ಳಿಯನ್ನು ಟಾರು ರಸ್ತೆಗೆ ಹರಡಿದರೆ ಹೋಗಿಬರುವ ಗಾಡಿಗಳೇ ಒಕ್ಕಣೆ ಮಾಡುತ್ತವೆ. ಮೇಷ್ಟ್ರು ಮಾತ್ರ ಅಂಚಿನ ಮಣ್ಣಿನಲ್ಲಿ ಸ್ಕೂಟರ್ ತಳ್ಳಿಕೊಂಡು ನಡೆಯುತ್ತಿದ್ದರು.

"ಒಂದ್ಸಲ ಹತ್ತಿಸಿ ಮೇಷ್ಟ್ರೇ, ನಮ್ಗೂ ನಾಕು ಕಾಳು ಉದುರ್ಲಿ" ಎಂದು ಹೊಲದವರು ಛೇಡಿಸುತ್ತಿದ್ದರು.

"ನಿಮ್ ಕಾಳಿಗೋಸ್ಕರ ನನ್ ಹಲ್ಲು ಉದುರಿಸ್ಕೊಳ್ಲಾ?"

ದೇವನಹಳ್ಳಿಯ ಕಾಲೇಜಿನಲ್ಲಿ ಅವರು ನಮಗೆ ಇಂಗ್ಲಿಷ್ ಕಲಿಸಿದವರು. 'ಎಸ್‌ಚ್ಯೂ' ಎಂಬ ಕ್ರಿಯಾಪದದ ಮೇಲೆ ಅವರಿಗೆ ಬಲು ಪ್ರೀತಿ. ದೂರವಿಡು, ವರ್ಜಿಸು ಎಂದರ್ಥ. ಹಳೆಯ ಫ್ರೆಂಚಿನಿಂದ ಬಂದದ್ದು, ಅಂಜು, ಬೆದರು ಎಂಬರ್ಥದ 'ಶೈ' ಪದದ ನೆಂಟ ಎನ್ನುತ್ತಿದ್ದರು. "ಎತ್ತು ಬೆದರಿ ಪಕ್ಕಕ್ಕೆ ಸರಿಯುತ್ತಲ್ಲ, ಆ ಭಯಾನೇ ಇದರ ಬೇರು. ಪದ ಬೆಳೀತಾ ಭಯ ಬಿಡ್ತು, ಬುದ್ಧಿ ಬಂತು. ಈಗ ಇದು ತಿಳಿದೂ ತಿಳಿದೂ ಬೇಡ ಅನ್ನೋದು. ಮಳೆಯಿಂದ ತಪ್ಪಿಸ್ಕೊಂಡೆ ಅನ್ನೋಕೆ ಬಳಸ್ಬೇಡ್ರಪ್ಪ. ಜಗಳ, ಹೆಂಡ, ಜಂಬ, ಇಂಥವಕ್ಕೆ ಇಟ್ಕೊಳ್ಳಿ."

ಅವರು ದೂರವಿಟ್ಟದ್ದು ಇನ್ನೂ ಇತ್ತು: ಲಿಫ್ಟು, ಬೀಗರೂಟದ ನೂಕುನುಗ್ಗಲು, ಎರಡನೇ ಬೋಂಡಾ. ನಮ್ಮ ಬಾಯಲ್ಲಿ ಅವರ ಹೆಸರೇ 'ಎಸ್‌ಚ್ಯೂ ಮೇಷ್ಟ್ರು' ಎಂದಾಗಿತ್ತು.

ಕಳೆದ ಸುಗ್ಗಿಯಲ್ಲಿ ಅವರ ಸ್ಕೂಟರಿನ ಹಿಂದೆ ನಾನಿದ್ದೆ. ಹುರುಳಿ ಕಂಡು ಇಬ್ಬರೂ ಇಳಿದೆವು. ನಮ್ಮನ್ನು ದಾಟಿದ ಕಾರೊಂದು ಬಳ್ಳಿಯ ನಡುವೆ ನಿಂತುಬಿಟ್ಟಿತು. ಕಾರಿನಡಿಯ ಕಾದ ಹೊಗೆಕೊಳವೆಗೆ ಸುತ್ತಿಕೊಂಡ ಒಣ ಬಳ್ಳಿಯಿಂದ ಹೊಗೆ, ಮರುಗಳಿಗೆ ಬೆಂಕಿ. ಕಾರಿನವನು ಆಚೆ ಹಾರಿ, "ನಮ್ಮವ್ವ ಒಳಗವ್ಳೆ!" ಎಂದು ಕಿರುಚಿದ. ಹಿಂದಿನ ಸೀಟಿನಲ್ಲಿ ಅಜ್ಜಿಯೊಬ್ಬರು ಗಾಜು ಬಡಿಯುತ್ತಿದ್ದರು. ಜನ ಹಿಂದೆ ಸರಿಯುತ್ತಿದ್ದಾಗ ಮೇಷ್ಟ್ರು ಉರಿಯುವ ಬಳ್ಳಿಯ ಮೇಲೆಯೇ ಓಡಿ ಬಾಗಿಲು ಕಿತ್ತೆಳೆದರು. "ಅಜ್ಜಿ ಕಾಲು ಹಿಡ್ಕೊಳ್ಳೋ ಲೇ!" ಎಂದು ನನಗೆ ಕೂಗಿದರು. ಹಿಡಿದೆ. ಅಜ್ಜಿಯನ್ನು ಹೊತ್ತು ಹೊಲಕ್ಕೆ ಇಳಿಯುವಷ್ಟರಲ್ಲಿ ಗಾಜು ಸಿಡಿಯಿತು. ಗ್ಯಾಸ್ ಒಲೆ ಹಚ್ಚುವಾಗಲೆಲ್ಲ ಆ ಸದ್ದು ನನಗೆ ಈಗಲೂ ಕೇಳುತ್ತದೆ.

ಆಸ್ಪತ್ರೆಯಲ್ಲಿ ಅವರ ಎರಡೂ ತೋಳಿಗೆ ಪಟ್ಟಿ ಕಟ್ಟಿದ್ದರು.

"ಹುರುಳಿ ಕಂಡ್ರೆ ದೂರ ಹೋಗ್ತಿದ್ದೋರು, ಅವತ್ಯಾಕೆ ಸಾರ್ ನುಗ್ಗಿದ್ರಿ?"

"ಲೋ, ಎಸ್‌ಚ್ಯೂ ಅನ್ನೋ ಪದ ಹುರುಳಿಗೆ ಕಣೋ, ಅಜ್ಜಿಗಲ್ಲ."

ನಕ್ಕರು. ಅಜ್ಜಿ ಹುಷಾರಾಗಿ ಮನೆಗೆ ಹೋದರಂತೆ ಎಂದೆ. ಕಣ್ಣು ಮುಚ್ಚಿ ತಲೆಯಾಡಿಸಿದರು. ಅದೇ ಕೊನೆ. ಗಾಯ ನಂಜೇರಿ ಅದೇ ವಾರ ತೀರಿಕೊಂಡರು.

ಮತ್ತೆ ಸುಗ್ಗಿ ಬಂದಿದೆ. ನಾನೂ ಬೈಕ್ ಆರಿಸಿ ಅಂಚಿನಲ್ಲಿ ತಳ್ಳುತ್ತೇನೆ. "ಏನ್ ಗುರು, ಪೆಟ್ರೋಲ್ ಖಾಲಿನಾ?" ಎಂದು ಕಾರಿನ ಹುಡುಗರು ಹಾರ್ನ್ ಹೊಡೆದು ಮುಂದೆ ಹೋಗುತ್ತಾರೆ. ಅವರು ಹುರುಳಿ ದಾಟಿ ಆಚೆಯ ಬರಿ ರಸ್ತೆ ಸೇರುವವರೆಗೂ ನಾನು ಅಲ್ಲೇ ನಿಂತು ನೋಡುತ್ತೇನೆ.