ಸೊಟ್ಟ ಮೀಸೆಯ ಬೂದುಗುಂಬಳ

ಮಹಾದೇವಿ ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನೊಂದರಲ್ಲಿ ದಿನವೂ ಮೂಟೆಗಟ್ಟಲೆ ತರಕಾರಿ ಹೆಚ್ಚುತ್ತಾಳೆ. ಆದರೆ ಇಡೀ ಕುಂಬಳಕಾಯಿ ಎದುರಿಗೆ ಬಂದರೆ ಚಾಕು ಕೆಳಗಿಡುತ್ತಾಳೆ. ಅದಕ್ಕೆ ಮೊದಲು ಚಾಕು ಹಾಕುವವರು ಗಂಡಸರೇ ಆಗಬೇಕೆಂಬುದು ಅವಳು ಕಂಡು ಬೆಳೆದ ರೂಢಿ. ಗೇಟಿನ ಸೆಕ್ಯೂರಿಟಿಯವನು ಬಂದು ಒಂದು ಗೀರು ಹಾಕಿ ಹೋಗುತ್ತಾನೆ. ಉಳಿದದ್ದನ್ನು ಅವಳು ಮಾತು ಮುಗಿಯುವುದರೊಳಗೆ ಹೋಳು ಮಾಡುತ್ತಾಳೆ.

ಮನೆಯಲ್ಲಿ ಆ ಮೊದಲ ಗೀರು ಗಂಡ ಭೀಮಪ್ಪನದು. ಅವನು ಕಟ್ಟಡಗಳಲ್ಲಿ ಕಂಬಿ ಕಟ್ಟುವ ಕೆಲಸದವನು. ಹುನಗುಂದದ ಕಡೆಯಿಂದ ಹೆಬ್ಬಗೋಡಿಯ ಈ ಬಾಡಿಗೆ ಕೋಣೆಗೆ ಬಂದಾಗ, ಅಪ್ಪ ಕಲಿಸಿದ ಒಂದು ವಿದ್ಯೆಯನ್ನೂ ಜೊತೆಗೆ ತಂದಿದ್ದ. ಆಯುಧಪೂಜೆಯ ಹಿಂದಿನ ದಿನ ಬೂದುಗುಂಬಳದ ಮೇಲಿನ ಬಿಳಿಯ ಬೂದಿ ಒರೆಸಿ, ಸಿಪ್ಪೆಯ ಮೇಲೆ ದೃಷ್ಟಿಗೆ ಕಟ್ಟುವ ಮುಖ ಕೊರೆಯುವುದು: ಗುಡ್ಡೆಗಣ್ಣು, ಕೋರೆಹಲ್ಲು, ಎರಡೂ ಕಿವಿಗೆ ತಾಗುವಂತೆ ತಿರುವಿದ ಮೀಸೆ. ಆ ಗೆರೆಗಳಲ್ಲಿ ಮಹಾದೇವಿ ಕುಂಕುಮ, ಇದ್ದಿಲಪುಡಿ ತುಂಬುವಳು. ಸಾಲುಮನೆಗಳ ಆಟೊ, ಟೆಂಪೊಗಳಿಗೆಲ್ಲ ಅವನು ಕೊರೆದ ಮುಖವೇ.

ಈ ವರ್ಷ ಯುಗಾದಿ ಕಳೆದ ಮೇಲೆ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯಿ ಒಂದು ಕಡೆಗೆ ವಾಲಿತು. ಭೀಮಪ್ಪ ಬಾಗಿಲಿಗೆ ಬರುವುದನ್ನೇ ಬಿಟ್ಟ. ಹಬ್ಬ ಹತ್ತಿರವಾದಂತೆ ಮಹಾದೇವಿಗೆ ಒಂದೇ ಅಳುಕು. ಮುಖ ಕೊರೆಸಲು ಯಾರೂ ಕುಂಬಳಕಾಯಿ ತರದಿದ್ದರೆ, ತನ್ನದು ಮುಗಿಯಿತೆಂದು ಇವನು ಗೋಡೆಯ ಕಡೆಗೆ ತಿರುಗಿ ಮಲಗಿಯೇಬಿಡುತ್ತಾನೆ.

ಹಬ್ಬದ ಹಿಂದಿನ ಸಂಜೆ ಮನೆಯ ಓನರ್ ಈಶ್ವರಮ್ಮ ಕಂಕುಳಲ್ಲಿ ಕಾಯಿ ಇಟ್ಟುಕೊಂಡು ಒಳಗೆ ಬಂದರು. ಹಿಂದೆಯೇ ಟೆಂಪೊ ಓಡಿಸುವ ಅವರ ಮಗ ಅಂಬರೀಶ್.

“ಏನ್ ಭೀಮಪ್ಪ, ಕತ್ಲಲ್ಲೇ ಕುಂತಿದ್ದೀಯ? ಹಿಡಿ, ಕಾಯಿ.”

“ಬ್ಯಾಡ್ರಿ ಅಮ್ಮಾರ. ಎಡಗೈಲೆ ಊಟಾನ ನೆಟ್ಟಗ ಆಗವಲ್ದು.”

“ಊಟ ಮಾಡು ಅಂದ್ನಾ ನಾನು? ಗೀರು ಅಂದೆ. ನಾನಾಗ್ಲಿ ನಿನ್ನ ಎಂಡ್ತಿಯಾಗ್ಲಿ ಮೊದ್ಲು ಚಾಕು ಮುಟ್ಟಿಸೋ ಅಂಗಿಲ್ಲ.”

“ನಿಮ್ಮ ಮಗ ಅದಾನಲ್ರಿ.”

“ಇವ್ನಾ? ಇವ್ನು ಕುಯ್ದ್ರೆ ಸಾಂಬಾರ್‌ಗೆ ಸರಿ, ಬುಡು.”

ಮಹಾದೇವಿ ಕಾಯಿಯನ್ನು ಮಂಚದ ಮೇಲಿಟ್ಟು ಎರಡೂ ಕೈಯಿಂದ ಅದುಮಿ ಹಿಡಿದು, ಪಕ್ಕದಲ್ಲಿದ್ದ ಚಾಕುವಿನ ಕಡೆಗೆ ಕಣ್ಣು ಮಾಡಿದಳು. ಭೀಮಪ್ಪ ಎಡಗೈಯಲ್ಲಿ ಚಾಕು ಎತ್ತಿಕೊಂಡ.

ಕಣ್ಣುಗಳು ಹೇಗೋ ಮೂಡಿದವು. ಮೀಸೆಯ ಒಂದು ತುದಿ ಕಿವಿಗೆ ಏರಿತು. ಇನ್ನೊಂದು ಕಡೆ ಚಾಕು ಜಾರಿ ಗದ್ದಕ್ಕೆ ಇಳಿಯಿತು. ಬಾಯಿಯೂ ಅದರ ಹಿಂದೆಯೇ ವಾಲಿತು. ಅದು ಯಾರ ಮುಖವೆಂದು ಎಲ್ಲರಿಗೂ ಕಾಣುತ್ತಿತ್ತು.

ಭೀಮಪ್ಪ ಕಾಯಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. “ಥೇಟ್ ನನ್ನ ಮಾರಿನಽ ಆಗೇತಲ್ರಿ,” ಎಂದ. ನಗು ಉಕ್ಕಿ ಹೊಟ್ಟೆ ಕುಲುಕತೊಡಗಿತು. ಆ ನಗು ಮಹಾದೇವಿಯ ಕಿವಿಗೆ ಬಿದ್ದು ತಿಂಗಳುಗಳೇ ಆಗಿದ್ದವು.

“ನನ್ ಗಾಡಿಗೆ ಇದೇ ಇರ್ಲಿ ಅಣ್ಣ,” ಎಂದ ಅಂಬರೀಶ್. “ಇದನ್ನ ನೋಡಿದ್ರೆ ಹೊಸೂರು ರೋಡಲ್ಲಿ ಬಸ್ಸಿನವ್ನೂ ಸೈಡ್ ಕೊಡ್ತಾನೆ.”

ಮಹಾದೇವಿ ಗೆರೆಗಳಲ್ಲಿ ಕುಂಕುಮ, ಇದ್ದಿಲು ತುಂಬಿದಳು. ಈಶ್ವರಮ್ಮನವರ ಕೈ ಹಿಡಿದುಕೊಳ್ಳಬೇಕೆನಿಸಿತು. ತನ್ನ ಕೈಯೆಲ್ಲ ಕೆಂಪು, ಕಪ್ಪು. “ಚಾ ಕುಡದು ಹೋಗ್ರಿ ಅಮ್ಮಾರ,” ಎಂದಳು.

ಅಷ್ಟರಲ್ಲಿ ಹೊರಗೆ ಆಟೊ ನಿಂತ ಸದ್ದಾಯಿತು. ಯಾರೋ ಕಾಯಿ ಹೊತ್ತು ತಂದಿದ್ದರು.

“ಮಂಚ ಬಾಗಲಕ ಸರಸು,” ಎಂದ ಭೀಮಪ್ಪ ಹೆಂಡತಿಗೆ. “ಇಲ್ಲಿ ಬೆಳಕ ಸಾಲವಲ್ದು.”